ಹೊಂಗೆ ಹೂವಿನ ಹೊತ್ತಿಗೆ ಲೇಪಾಕ್ಷಿ

“ಹೂ ನೋಡಕ್ಕೆ ಅಂತ ಯಾರಾದ್ರೂ ಅಷ್ಟು ದೂರ ಹೋಗ್ತಾರಾ, ಹೇಳಮ್ಮ?” ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆಚೆಯಿಂದ ಕೇಳಿದರು. ಅಕ್ಕನ ಮಗಳು ಬೆಂಗಳೂರಿನ ಕಂಪನಿಯೊಂದರ ಕೆಲಸದ ಮೇಲೆ ಜಪಾನಿಗೆ ಹೋಗಿದ್ದಾಳೆ. ರಜೆ ಸಿಕ್ಕಿದ್ದೇ ತಡ, ಕ್ಯೋಟೋ ಊರಿನ ಗಿಯೋನ್ ಎಂಬ ಹಳೇ ಕೇರಿಗೆ ಹೋಗಿ ಅಲ್ಲಿಂದಲೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ್ದಳು. ಅಕ್ಕ ಫೋನನ್ನು ಗೋಡೆಯ ಮೇಲಿಂದ ಚಾಚಿ ನನಗೂ ತೋರಿಸಿದರು. ಕಲ್ಲು ಹಾಸಿದ ಓಣಿ, ಅದರ ಮಗ್ಗುಲಲ್ಲೇ ಹರಿಯುವ ಸಣ್ಣ ಕಾಲುವೆ, ಕಾಲುವೆಯ ಮೇಲೆ ಬಾಗಿ ನಿಂತ ಚೆರ್ರಿ ಮರಗಳು. ಮರದಲ್ಲಿ ಎಲೆ ಕಾಣದು, ಕೊಂಬೆ ತುಂಬ ತಿಳಿಗುಲಾಬಿ ಹೂ. ಹಿಂದೆ ಸಾಲಾಗಿ ಮರದ ಮನೆಗಳು, ಕಿಟಕಿಗೆಲ್ಲ ಸಣ್ಣ ಪಟ್ಟಿಯ ಜಾಲರಿ.

“ಚೆನ್ನಾಗೈತೆ ಕಣಮ್ಮ, ಇಲ್ಲ ಅನ್ನಲ್ಲ,” ಅಂದರು ಅಕ್ಕ. “ಆದ್ರೆ ನಮ್ಮ ಹಿಂದೂಪುರದಲ್ಲಿ ಹೊಂಗೆ ಹೂ ಬಿಡೋವಾಗ ಒಬ್ರಾದ್ರೂ ತಲೆ ಎತ್ತಿ ನೋಡ್ತಾರಾ? ಉದುರಿದ್ದನ್ನ ಗುಡಿಸಿ ಹಾಕೋದಷ್ಟೇ ನಮಗೆ ಗೊತ್ತು.”

ಅಕ್ಕ ಕೇಳಿದ ಈ ಎರಡನೇ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವತ್ತಿನಿಂದ ನಮ್ಮಿಬ್ಬರ ಗೋಡೆ ಮಾತು ಇದರ ಸುತ್ತಲೇ. ಅದನ್ನೇ ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ಮೊದಲು ಆ ಊರಿನ ಮಾತು. ಕ್ಯೋಟೋ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜಪಾನಿನ ಚಕ್ರವರ್ತಿಗಳ ಊರಾಗಿತ್ತು. 1869ರಲ್ಲಿ ಚಕ್ರವರ್ತಿ ಟೋಕಿಯೋಗೆ ಹೋದರು. ಆಸ್ಥಾನ ಹೋಯಿತು, ಅದರ ಹಿಂದೆ ಅಧಿಕಾರಿಗಳು ಹೋದರು, ಅವರನ್ನೇ ನಂಬಿದ್ದ ವ್ಯಾಪಾರಿಗಳು, ಕುಶಲಕರ್ಮಿಗಳು ಎಷ್ಟೋ ಜನ ಗಂಟುಮೂಟೆ ಕಟ್ಟಿದರು. ಊರು ಬಿಕೋ ಅನ್ನತೊಡಗಿತು. ಆಗ ಅಲ್ಲಿ ಉಳಿದವರು ಮಾಡಿದ್ದನ್ನು ಕೇಳಿದರೆ ಮೈ ಝುಂ ಅನ್ನುತ್ತದೆ. 1872ರಲ್ಲಿ ಊರಿನಲ್ಲಿ ಒಂದು ದೊಡ್ಡ ವಸ್ತುಪ್ರದರ್ಶನ ಇಟ್ಟರು. ಬಂದವರಿಗೆ ತೋರಿಸಲೆಂದು ಗಿಯೋನ್ ಕೇರಿಯ ನರ್ತಕಿಯರು ಮಿಯಾಕೊ ಓಡೋರಿ ಎಂಬ ಹೊಸ ನೃತ್ಯ ಕಟ್ಟಿದರು. ಅದೇ ವರ್ಷ ನಿಶಿಜಿನ್ ಕೇರಿಯ ನೇಕಾರರನ್ನು ಫ್ರಾನ್ಸಿನ ಲಿಯೋನ್‌ಗೆ ಕಳಿಸಿದರು. ಅವರು ಜಕಾರ್ಡ್ ಮಗ್ಗವನ್ನು ಕಲಿತು ತಂದರು. ನಮ್ಮ ಧರ್ಮಾವರದ ರೇಷ್ಮೆ ಸೀರೆಯ ಸೆರಗಿನಲ್ಲಿ ಹೂ ಎತ್ತುವುದೂ ಅದೇ ಜಕಾರ್ಡ್. ಆಮೇಲೆ ಬಿವಾ ಸರೋವರದಿಂದ ಊರಿಗೆ ಕಾಲುವೆ ತಂದರು, 1890ರಲ್ಲಿ ನೀರು ಬಂತು. ಆ ನೀರಿನಿಂದ ವಿದ್ಯುತ್ತು ತೆಗೆದರು, ಆ ವಿದ್ಯುತ್ತಿನಿಂದ 1895ರಲ್ಲಿ ಟ್ರಾಮ್ ಓಡಿಸಿದರು. ಕಾಲುವೆಯ ದಂಡೆಯಲ್ಲಿ ಮುಂದೆ ಚೆರ್ರಿ ಸಾಲು ಬಂತು. ಈಗ ಜಗತ್ತಿನ ಜನವೆಲ್ಲ ನಡೆಯಲು ಹೋಗುವ ‘ತತ್ತ್ವಜ್ಞಾನಿಯ ದಾರಿ’ ಆ ಕಾಲುವೆಯ ದಂಡೆಯೇ.

ಮಿಯಾಕೊ ಓಡೋರಿ ಇವತ್ತಿಗೂ ಏಪ್ರಿಲ್ ತಿಂಗಳಲ್ಲೇ ನಡೆಯುತ್ತದೆ. ಹೂ ಬಿಡುವ ತಿಂಗಳು, ನೃತ್ಯದ ತಿಂಗಳು, ಹೊಸ ಶಾಲಾ ವರ್ಷದ ತಿಂಗಳು, ಎಲ್ಲ ಒಂದೇ. ಬಂದವರು ಬೆಳಿಗ್ಗೆ ಹೂ ನೋಡುತ್ತಾರೆ, ಮಧ್ಯಾಹ್ನ ಗುಡಿಗೆ ಹೋಗುತ್ತಾರೆ, ಸಂಜೆ ನೃತ್ಯ ನೋಡುತ್ತಾರೆ. ಮೂರಕ್ಕೂ ಕಾಲ್ನಡಿಗೆಯ ದೂರ.

ಇದನ್ನು ಹೇಳಿದಾಗ ಅಕ್ಕ ಸುಮ್ಮನಾಗಿ, “ರಾಜಧಾನಿ ಹೋದ ಊರು ನಮ್ಮ ಕಡೆ ಕಮ್ಮಿ ಐತಾ?” ಅಂದರು.

ನಿಜ. ನಮ್ಮ ಪೆನುಕೊಂಡೆ ವಿಜಯನಗರದವರ ಎರಡನೇ ನೆಲೆ. 1565ರ ಯುದ್ಧ ಸೋತು ಹಂಪೆ ಹಾಳಾದ ಮೇಲೆ ಅರಸರು ಬಂದು ಕೂತದ್ದು ಇಲ್ಲೇ. ಆಮೇಲೆ ಅವರೂ ಚಂದ್ರಗಿರಿಯ ಕಡೆ ಹೋದರು. ಅದಕ್ಕೂ ಹಿಂದಿನದು ಹೇಮಾವತಿ. ಮಡಕಶಿರಾ ಸೀಮೆಯ ಅಮರಾಪುರ ಮಂಡಲದಲ್ಲಿ, ಕರ್ನಾಟಕದ ಗಡಿಗೆ ಆತುಕೊಂಡಂತಿರುವ ಹಳ್ಳಿ. ಶಾಸನಗಳು ಹೆಂಜೇರು ಎಂದು ಕರೆಯುವುದು ಇದನ್ನೇ. ನೊಳಂಬವಾಡಿ 32,000 ಎಂಬ ನಾಡನ್ನು ಆಳಿದ ನೊಳಂಬ ಪಲ್ಲವರ ರಾಜಧಾನಿ. ಅಲ್ಲಿನ ಮಾತು ಇಂದಿಗೂ ಕನ್ನಡ. ಚೋಳರು ನೊಳಂಬವಾಡಿಯನ್ನು ಗೆದ್ದಾಗ ನೊಳಂಬರ ಕಂಬಗಳನ್ನು ಹೊತ್ತು ಕಾವೇರಿ ತೀರದ ತಿರುವೈಯಾರಿನ ಗುಡಿಯಲ್ಲಿ ನಿಲ್ಲಿಸಿದರು. ಶತ್ರು ಊರನ್ನು ಸುಟ್ಟು ಹೋಗುವುದುಂಟು; ಕಂಬದ ಅಂದಕ್ಕೆ ಮನಸೋತು ಅಷ್ಟು ದೂರ ಹೊರಿಸಿಕೊಂಡು ಹೋಗಬೇಕಾದರೆ ಆ ಕೆತ್ತನೆ ಎಂಥದ್ದಿರಬೇಕು! ಹೇಮಾವತಿಯ ಇನ್ನಷ್ಟು ಶಿಲ್ಪಗಳು ಚೆನ್ನೈ ಮ್ಯೂಸಿಯಮ್ಮಿನಲ್ಲಿವೆ.

ಊರಲ್ಲಿ ಉಳಿದಿರುವುದೂ ಕಮ್ಮಿಯಲ್ಲ. ದೊಡ್ಡೇಶ್ವರನ ಗುಡಿಯ ಕಲ್ಲಿನ ಜಾಲಂಧ್ರಗಳನ್ನು ಒಮ್ಮೆ ನಿಂತು ನೋಡಬೇಕು. ಕಲ್ಲಿನ ಹಲಗೆಯನ್ನು ಕೊರೆದು ಬಳ್ಳಿ ಹಬ್ಬಿಸಿದ್ದಾರೆ, ಬಳ್ಳಿಯ ಸುರುಳಿಗಳ ನಡುವೆ ದೇವತೆಗಳನ್ನು ಕೂರಿಸಿದ್ದಾರೆ, ಬಿಟ್ಟ ಸಂದಿಗಳಿಂದ ಬೆಳಕು ಒಳಗೆ ಇಳಿಯುತ್ತದೆ. ಕಪ್ಪು ಕಲ್ಲು, ಕೈಯಾಡಿಸಿದರೆ ಎಣ್ಣೆ ಹಚ್ಚಿದಷ್ಟು ನುಣುಪು. ಸಿದ್ದೇಶ್ವರನ ಗುಡಿಯಲ್ಲಿ ಶಿವ ಲಿಂಗವಾಗಿ ಇಲ್ಲ, ಕೂತ ಮನುಷ್ಯರೂಪದಲ್ಲಿ ಇದ್ದಾನೆ. ಶಿವರಾತ್ರಿಗೆ ಜನ ಸೇರುತ್ತಾರೆ. ಮಿಕ್ಕ ದಿನ ಆ ಗುಡಿಯ ಅಂಗಳದಲ್ಲಿ ನಿಂತರೆ ನಮ್ಮ ಹೆಜ್ಜೆಯ ಸದ್ದೇ ನಮಗೆ ಕೇಳುತ್ತದೆ.

ಅಕ್ಕನ ತವರು ಕಲ್ಯಾಣದುರ್ಗ. ಅವರ ಕಡೆಯದನ್ನು ಬಿಟ್ಟರೆ ಅವರು ನನ್ನನ್ನು ಸುಮ್ಮನೆ ಬಿಡುವವರಲ್ಲ. “ನಮ್ಮ ಕಂಬದೂರಿನ ಮಲ್ಲಿಕಾರ್ಜುನನ ಗುಡಿ ಯಾಕಮ್ಮ ಬಿಟ್ಟೆ? ಅಲ್ಲೂ ಕಲ್ಲಲ್ಲಿ ಕನ್ನಡ ಬರ್ದವ್ರೆ. ನಮ್ಮಪ್ಪ ಜಾತ್ರೆಗೆ ಕರ್ಕೊಂಡು ಹೋದಾಗ ಅಕ್ಷರದ ಮೇಲೆ ಬೆರಳು ಆಡಿಸ್ತಾ ಇದ್ವಿ.” ಗುಡಿಯ ಪಕ್ಕದ ಹುಣಸೆ ಮರ, ಅದರ ಚಿಗುರು ಕಿತ್ತು ಬಾಯಿಗೆ ಹಾಕಿಕೊಂಡದ್ದು, ದಾರಿಯ ಎರಡೂ ಕಡೆ ತಂಗಡಿ ಗಿಡ ಹಳದಿ ಹೂ ಬಿಟ್ಟದ್ದು ಎಲ್ಲ ಒಂದೊಂದಾಗಿ ಬಂತು. ಸ್ವಲ್ಪ ಹೊತ್ತಿನ ಹಿಂದೆ “ನಮ್ಮ ಕಡೆ ಏನೈತೆ, ಬರೀ ಕಲ್ಲು, ಬಿಸ್ಲು” ಅಂದಿದ್ದವರೂ ಇವರೇ.

ಕಲ್ಲು, ಬಿಸಿಲು ಇರುವುದಂತೂ ಹೌದು. ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ. ಮಾರ್ಚಿ ತಿಂಗಳಲ್ಲಿ ಕಲ್ಯಾಣದುರ್ಗದ ದಾರಿಯಲ್ಲಿ ಹೋದರೆ ಕಡಲೆಕಾಯಿ ಹೊಲಗಳೆಲ್ಲ ಬರಿದು. ಮುಂಗಾರು ಬರುವವರೆಗೆ ಕೆಮ್ಮಣ್ಣು ಹಾಗೆಯೇ ಬಿದ್ದಿರುತ್ತದೆ. ನನಗೆ ಬೆರಗಾಗುವುದು ಇಲ್ಲೇ. ನೆಲದ ಮೇಲೆ ಹನಿ ನೀರಿಲ್ಲದ ಆ ತಿಂಗಳಲ್ಲೇ ನಮ್ಮ ಮರಗಳು ಹೂ ಬಿಡುತ್ತವೆ. ಹೊಂಗೆ ಬೇರನ್ನು ಬಲು ಆಳಕ್ಕೆ ಇಳಿಸುತ್ತದೆ. ಚಳಿ ಮುಗಿಯುತ್ತಿದ್ದಂತೆ ಹಳೇ ಎಲೆಯನ್ನೆಲ್ಲ ಕೆಡವುತ್ತದೆ. ಕೆಲವೇ ದಿನಗಳಲ್ಲಿ ಚಿಗುರು ಬರುತ್ತದೆ. ಆ ಹಸಿರು ಎಷ್ಟು ಎಳೆಯದೆಂದರೆ ಬಿಸಿಲಿನಲ್ಲಿ ಎಲೆಯ ಆಚೆ ಬದಿ ಕಾಣುವಂತಿರುತ್ತದೆ. ಚಿಗುರಿನ ಹಿಂದೆಯೇ ಮೊಗ್ಗು.

ಹೊಂಗೆ ಹೂವನ್ನು ಅಂಗೈಯಲ್ಲಿಟ್ಟು ನೋಡಿದ್ದೀರಾ? ಅವರೆ ಹೂವಿನದೇ ಆಕಾರ, ಅದಕ್ಕಿಂತ ಚಿಕ್ಕದು. ಬಿಳುಪಿಗೆ ನಸು ನೇರಳೆ ಬೆರೆಸಿದ ಬಣ್ಣ, ಬುಡದಲ್ಲಿ ಕಂದು ತೊಟ್ಟು. ಗೊಂಚಲಿನಲ್ಲಿ ತಲೆ ತಗ್ಗಿಸಿಕೊಂಡು ಇರುತ್ತದೆ, ಆದ್ದರಿಂದ ದೂರದಿಂದ ನೋಡುವವರಿಗೆ ಎಲೆಯೇ ಕಾಣುತ್ತದೆ. ಹತ್ತಿರ ಹೋದರೆ ಮೊದಲು ಕೇಳುವುದು ಜೇನುನೊಣದ ಸದ್ದು, ಮರವೇ ಗುಂಯ್‌ಗುಡುತ್ತಿರುತ್ತದೆ. ಹೂ ಬಾಡಿ ಬೀಳುವುದಿಲ್ಲ, ಅರಳಿದ ಹಾಗೆಯೇ ಉದುರುತ್ತದೆ. ಬೆಳಗಿನ ಜಾವ ಎದ್ದು ಬಂದರೆ ಮರದ ಬುಡ ಕಾಣುವುದಿಲ್ಲ, ತಿಳಿನೇರಳೆ ಹೂವಿನ ಹಾಸು. ನಮ್ಮ ಹಿರಿಯರು ಅದನ್ನು ಗುಡಿಸಿ ತಿಪ್ಪೆಗೆ ಹಾಕಿ ಗೊಬ್ಬರ ಮಾಡುತ್ತಿದ್ದರು. ಹೊಂಗೆ ಬೀಜದ ಎಣ್ಣೆಯಿಂದ ದೀಪ ಉರಿಯುತ್ತಿತ್ತು, ಹಿಂಡಿ ಹೊಲಕ್ಕೆ ಹೋಗುತ್ತಿತ್ತು. ಅಕ್ಕ ಚಿಕ್ಕವರಿದ್ದಾಗ ಹೊಂಗೆಕಾಯಿ ಆಯ್ದು ಬೀಜ ಬಿಡಿಸಿ ಗಾಣದವರಿಗೆ ಮಾರಿ ಬಳೆ ಕೊಂಡಿದ್ದರಂತೆ. ಮರದಿಂದ ಇಷ್ಟೆಲ್ಲ ಪಡೆದಿದ್ದೇವೆ, ಅದರ ಕೆಳಗೆ ಸುಮ್ಮನೆ ಕೂತು ಮೇಲೆ ನೋಡುವುದು ಮಾತ್ರ ನಮ್ಮ ರೂಢಿಯಲ್ಲಿ ಬರಲಿಲ್ಲ.

ಜಪಾನಿನವರಿಗೆ ಅದು ಹಬ್ಬ. ಮರದ ಕೆಳಗೆ ಚಾಪೆ ಹಾಸಿ, ಬುತ್ತಿ ಬಿಚ್ಚಿ, ಮನೆಮಂದಿ, ಆಫೀಸಿನವರು, ಓರಗೆಯವರು ಕೂತು ಉಣ್ಣುತ್ತಾರೆ. ಹೂ ಯಾವತ್ತು ಬಿಟ್ಟಿತು ಎಂದು ಅಲ್ಲಿನ ಹವಾಮಾನ ಇಲಾಖೆ ಸಾರುತ್ತದೆ. ಊರಿಗೊಂದು ಮರ ಗೊತ್ತು ಮಾಡಿರುತ್ತಾರೆ, ಅದರಲ್ಲಿ ಐದಾರು ಹೂ ಅರಳಿದರೆ ಆ ಊರಿಗೆ ಹೂವಿನ ಕಾಲ ಬಂತೆಂದು ಲೆಕ್ಕ. ಕ್ಯೋಟೋದಲ್ಲಂತೂ 9ನೇ ಶತಮಾನದಿಂದಲೂ ಅರಸರು, ಸನ್ಯಾಸಿಗಳು ತಮ್ಮ ದಿನಚರಿಗಳಲ್ಲಿ ಹೂ ಯಾವತ್ತು ತುಂಬಿ ಅರಳಿತೆಂದು ಬರೆದಿಟ್ಟಿದ್ದಾರೆ. ಈಗಿನ ವಿಜ್ಞಾನಿಗಳು ಆ ಬರಹಗಳನ್ನೆಲ್ಲ ಕೂಡಿಸಿ ನೋಡಿದರು. 2021ರಲ್ಲಿ ಮಾರ್ಚ್ 26ಕ್ಕೇ ಹೂ ತುಂಬಿ ಅರಳಿತು. ಅಲ್ಲಿಯವರೆಗೆ ಸಿಕ್ಕಿದ್ದ 1200 ವರ್ಷಗಳ ಲೆಕ್ಕದಲ್ಲಿ ಅಷ್ಟು ಬೇಗ ಅರಳಿದ್ದು ಇನ್ನೊಂದಿರಲಿಲ್ಲ. ಭೂಮಿ ಕಾಯುತ್ತಿದೆ ಎಂಬುದಕ್ಕೆ ಹೂ ನೋಡುವ ಚಪಲದಿಂದ ಬರೆದಿಟ್ಟ ದಿನಚರಿಯೇ ಸಾಕ್ಷಿಯಾಯಿತು. ನಮ್ಮ ಹೊಂಗೆ ನಮ್ಮ ಅಜ್ಜನ ಕಾಲದಲ್ಲಿ ಯಾವ ವಾರ ಅರಳುತ್ತಿತ್ತು? ಕೇಳಿದರೆ ಹೇಳಲು ಒಂದು ಸಾಲಿನ ಬರಹವೂ ನಮ್ಮ ಮನೆಯಲ್ಲಿಲ್ಲ. ಈ ವರ್ಷದಿಂದ ನಾನು ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತಿದ್ದೇನೆ. ಅಕ್ಕನೂ ಹಾಕುತ್ತಿದ್ದಾರೆ.

ಒಂದು ವ್ಯತ್ಯಾಸವಿದೆ. ಜಪಾನಿನಲ್ಲಿ ಹೆಚ್ಚು ಕಾಣುವ ಸೋಮೆಯ್ ಯೋಶಿನೋ ಎಂಬ ಚೆರ್ರಿ ಬೀಜದಿಂದ ಬೆಳೆಸಿದ್ದಲ್ಲ, ಕಸಿ ಕಟ್ಟಿ ಹರಡಿದ್ದು. ಎಲ್ಲ ಮರವೂ ಒಂದೇ ಮರದ ತುಂಡು. ಅದಕ್ಕೇ ಒಂದು ಬೀದಿಯ ಮರಗಳೆಲ್ಲ ಒಟ್ಟಿಗೇ ಅರಳಿ, ವಾರ ಹತ್ತು ದಿನದಲ್ಲಿ ಒಟ್ಟಿಗೇ ಉದುರುತ್ತವೆ. ಹೊಂಗೆ ಬೀಜದ ಮರ. ಒಂದು ಸಾಲಿನಲ್ಲೇ ಒಂದು ಬೋಳಾಗಿರುತ್ತದೆ, ಪಕ್ಕದ್ದು ಚಿಗುರಿರುತ್ತದೆ, ಅದರಾಚೆಯದು ಹೂ ಚೆಲ್ಲುತ್ತಿರುತ್ತದೆ. ಒಮ್ಮೆಗೇ ಕಣ್ಣು ಕೋರೈಸುವ ನೋಟ ಸಿಗದಿರಬಹುದು, ನೋಡುವವರಿಗೆ ದಿನ ಮಾತ್ರ ಹೆಚ್ಚು ಸಿಗುತ್ತವೆ. ಇನ್ನು ಹೊಂಗೆಗೆ ಮೊದಲು ಗುಡ್ಡದ ಬದಿಯಲ್ಲಿ ಮುತ್ತುಗ ಕೆಂಪಗೆ ಉರಿದಿರುತ್ತದೆ, ತೆಲುಗಿನವರು ಮೋದುಗ ಅನ್ನುತ್ತಾರೆ. ಹೊಂಗೆ ಮುಗಿಯುವ ಹೊತ್ತಿಗೆ ಕಕ್ಕೆ ಹಳದಿ ಇಳಿಬಿಡುತ್ತದೆ. ನಡುವೆ ಮಾವು, ಬೇವು. ಫೆಬ್ರವರಿಯಿಂದ ಮೇ ತಿಂಗಳವರೆಗೆ ಒಂದಲ್ಲ ಒಂದು ಇದ್ದೇ ಇರುತ್ತದೆ.

ಬೇವು ಅಂದ ಕೂಡಲೇ ಅಕ್ಕನ ಮಗಳು ಕಳಿಸಿದ ಇನ್ನೊಂದು ಸುದ್ದಿ ನೆನಪಾಯಿತು. ಅಲ್ಲಿ ಚೆರ್ರಿ ಎಲೆಯನ್ನು ಉಪ್ಪಿನಲ್ಲಿ ಹಾಕಿಟ್ಟು, ಅಕ್ಕಿ ಉಂಡೆಗೆ ಸುತ್ತಿ ತಿನ್ನುತ್ತಾರೆ. ಉಂಡೆಯೊಳಗೆ ಸಿಹಿ ಹೂರಣ. ಉಪ್ಪು ಹಾಕಿದ ಹೂವನ್ನು ಬಿಸಿನೀರಿಗೆ ಬಿಟ್ಟು ಮದುವೆ ಮಾತುಕತೆಯ ಮನೆಯಲ್ಲಿ ಕೊಡುತ್ತಾರಂತೆ. “ಹೂವನ್ನ ತಿಂತಾರಾ!” ಎಂದು ಅಕ್ಕ ಬಾಯಿ ಬಿಟ್ಟರು. ಆಮೇಲೆ ತಾವೇ, “ನಾವೂ ತಿಂತೀವಲ್ಲ,” ಅಂದರು. ಯುಗಾದಿಯ ಬೆಳಿಗ್ಗೆ ನಮ್ಮ ಮನೆಯಲ್ಲಿ ಬೇವು ಬೆಲ್ಲ, ಎದುರು ಮನೆಯ ತೆಲುಗಿನವರಲ್ಲಿ ಬೇವಿನ ಹೂ, ಹೊಸ ಹುಣಸೆಹುಳಿ, ಬೆಲ್ಲ, ಮಾವಿನಕಾಯಿ, ಉಪ್ಪು, ಖಾರ ಸೇರಿಸಿದ ಪಚ್ಚಡಿ. ಬೀದಿಯಲ್ಲಿ ಎರಡೂ ಹಂಚಿಕೆ. ಹುಣಸೆ, ಬೆಲ್ಲ ಎರಡಕ್ಕೂ ನಮ್ಮ ಹಿಂದೂಪುರದ ಮಾರುಕಟ್ಟೆ ಹೆಸರುವಾಸಿ. ಯುಗಾದಿ ಹತ್ತಿರ ಬಂದಾಗ ಹೊಸ ಹುಣಸೆಹಣ್ಣಿನ ರಾಶಿ ಬಂದು ಬಿದ್ದಿರುತ್ತದೆ, ಮಾರುಕಟ್ಟೆಯ ಬೀದಿಗೆ ಹೊಕ್ಕರೆ ಬಾಯಲ್ಲಿ ನೀರೂರುತ್ತದೆ. ಬೇವಿನ ಹೂವಿಗೆ ಅಕ್ಕ ಬೆಳಗಿನ ಜಾವ ಮರದ ಕೆಳಗೆ ಹಳೇ ಸೀರೆ ಹಾಸುತ್ತಾರೆ. ಬಿದ್ದ ಹೂವನ್ನು ಮೊರದಲ್ಲಿ ಕೇರಿ, ನೆರಳಲ್ಲಿ ಒಣಗಿಸಿ, ಡಬ್ಬಿಗೆ ತುಂಬುತ್ತಾರೆ. ಮಳೆಗಾಲದಲ್ಲಿ ತುಪ್ಪದಲ್ಲಿ ಹುರಿದು ಹಾಕಿದರೆ ಬೇವಿನ ಹೂವಿನ ಸಾರು.

ಈಗ ಲೇಪಾಕ್ಷಿಯ ಮಾತಿಗೆ ಬರುತ್ತೇನೆ. ಹಿಂದೂಪುರದಿಂದ 15 ಕಿಲೋಮೀಟರ್. ಕ್ಯೋಟೋದ ಕೇರಿಗೆ ಸರಿಸಾಟಿಯಾಗಿ ನಮ್ಮಲ್ಲಿ ತೋರಿಸಬಹುದಾದ್ದು ಯಾವುದೆಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಇದನ್ನೇ ಹೇಳುತ್ತೇನೆ. ಆಮೆಯ ಬೆನ್ನಿನಂತಿರುವ ಕಲ್ಲುಗುಡ್ಡ, ಅದಕ್ಕೇ ಕೂರ್ಮಶೈಲ. ಅದರ ಮೇಲೆ ವೀರಭದ್ರನ ಗುಡಿ. ಅಚ್ಯುತರಾಯನ ಕಾಲದಲ್ಲಿ, 1530ರ ದಶಕದಲ್ಲಿ, ಪೆನುಕೊಂಡೆಯ ಅಧಿಕಾರಿಗಳಾಗಿದ್ದ ವಿರುಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ್ದು. ಗೋಡೆಯ ಮೇಲೆ ಕನ್ನಡ ಶಾಸನಗಳಿವೆ. 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಈ ಗುಡಿಯೂ ಇದರ ಏಕಶಿಲಾ ನಂದಿಯೂ ಸೇರಿವೆ.

ಬರುವವರು ಮಾಡುವುದೇನು? ತೂಗುವ ಕಂಬದ ಕೆಳಗೆ ಟವೆಲು ತೂರಿಸಿ ಈ ಕಡೆಯಿಂದ ಆ ಕಡೆಗೆ ಎಳೆಯುತ್ತಾರೆ, ನಾಗಲಿಂಗದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ನಂದಿಯ ಮುಂದೆ ಇನ್ನೊಂದು, ಆಮೇಲೆ ಗಾಡಿ ಹತ್ತುತ್ತಾರೆ. ನನಗೆ ಅದು ಹೊಟ್ಟೆ ಉರಿಸುತ್ತದೆ. ರಂಗಮಂಟಪದಲ್ಲಿ ನೆಲದ ಮೇಲೆ ಬೆನ್ನು ಚಾಚಿ ಮೇಲೆ ನೋಡಬೇಕು. ಅಲ್ಲಿರುವುದು ವಿಜಯನಗರದ ಕಾಲದ ಚಿತ್ರಗಳು. ಗಿರಿಜಾ ಕಲ್ಯಾಣ, ದ್ರೌಪದಿ ಸ್ವಯಂವರ, ಕಿರಾತಾರ್ಜುನೀಯದ ಹಂದಿ ಬೇಟೆ, ಆಲದೆಲೆಯ ಮೇಲಿನ ಕೃಷ್ಣ. ಇಟ್ಟಿಗೆ ಕೆಂಪು, ಕಾವಿ, ಕಪ್ಪು, ಬಿಳಿ, ಅಲ್ಲಲ್ಲಿ ಹಸಿರು. ಗಂಡಸರ ತಲೆಯ ಮೇಲೆ ಉದ್ದನೆಯ ಕುಲ್ಲಾಯಿ, ಹೆಂಗಸರ ಓರೆ ತುರುಬು, ತುರುಬಿನ ತುಂಬ ಹೂ. ಸೀರೆಗಳನ್ನಂತೂ ಒಂದೊಂದಾಗಿ ನೋಡಬೇಕು. ಒಂದು ಚೌಕಳಿ, ಒಂದು ಪಟ್ಟೆ, ಒಂದು ಸಣ್ಣ ಹೂವಿನ ಬುಟ್ಟಾ. ಒಬ್ಬಳ ಸೀರೆ ಇನ್ನೊಬ್ಬಳಿಗಿಲ್ಲ. 500 ವರ್ಷದ ಹಿಂದೆ ನಮ್ಮ ಸೀಮೆಯ ಹೆಂಗಸರು ಹಬ್ಬಕ್ಕೆ ಏನು ಉಡುತ್ತಿದ್ದರೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಹೊರಗೆ ಲತಾಮಂಟಪ. ಮೇಲೆ ಚಾವಣಿಯಿಲ್ಲದೆ ಕಂಬಗಳು ಬಯಲಲ್ಲಿ ನಿಂತಿವೆ. ಕಂಬ ಕಂಬಕ್ಕೂ ಬೇರೆ ಬೇರೆ ಬಳ್ಳಿ, ಹೂ, ಹಕ್ಕಿ. ನೇಕಾರರು, ಸೀರೆಯ ವಿನ್ಯಾಸ ಮಾಡುವವರು ಇಲ್ಲಿಗೆ ಬಂದು ಈ ಕಂಬಗಳಿಂದಲೇ ಅಂಚು, ಬುಟ್ಟಾ ಬರೆದುಕೊಂಡು ಹೋಗುತ್ತಾರೆ. ಲೇಪಾಕ್ಷಿ ಅಂಚು ಎಂದರೆ ಸೀರೆ ಅಂಗಡಿಯಲ್ಲಿ ತೆಗೆದು ತೋರಿಸುತ್ತಾರೆ. ಆಂಧ್ರ ಸರ್ಕಾರದ ಕರಕುಶಲ ಮಳಿಗೆಗಳಿಗೂ ಲೇಪಾಕ್ಷಿ ಎಂದೇ ಹೆಸರು. ಬೇಸಗೆಯ ಬೆಳಿಗ್ಗೆ ಎಂಟರೊಳಗೆ ಹೋದರೆ ಅಡ್ಡಬಿಸಿಲು ಕಂಬದ ಮೇಲೆ ಬಿದ್ದು ಕೆತ್ತನೆ ಎದ್ದು ಕಾಣುತ್ತದೆ, ಹತ್ತರ ಮೇಲೆ ಕಲ್ಲೆಲ್ಲ ಒಂದೇ ಬಣ್ಣ. ಕಲ್ಲಿನ ಹೂ ನೋಡಿ ಹೊರಗೆ ಬಂದರೆ ಊರ ದಾರಿಯಲ್ಲಿ ಹೊಂಗೆ ಹೂ. ಒಂದೇ ಬೆಳಿಗ್ಗೆ ಎರಡನ್ನೂ ನೋಡಲು ಸಿಗುವುದು ಹೊಂಗೆ ಅರಳುವ ದಿನಗಳಲ್ಲಿ ಮಾತ್ರ.

ಜಪಾನಿಗೂ ನಮ್ಮ ಸೀಮೆಗೂ ನಂಟು ಹೊಸದಲ್ಲ. 19ನೇ ಶತಮಾನದ ಕೊನೆಯಲ್ಲಿ ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿ ಜಪಾನಿನಿಂದ ಬಲ್ಲವರನ್ನು ಕರೆಸಿದ್ದರು. ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಬಸವನಗುಡಿಯ ಬಳಿ ಇಂದಿಗೂ ಉಳಿದಿದೆ. 1991ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯೂ ಜಪಾನಿನ ಜೈಕಾ ಸಂಸ್ಥೆಯೂ ಮೈಸೂರಿನ ಸಂಶೋಧನಾ ಸಂಸ್ಥೆಯಲ್ಲಿ ಕೂಡಿ ಕೆಲಸ ಶುರು ಮಾಡಿದವು. ಅಲ್ಲಿ ಜಪಾನಿ ತಳಿಗಳಿಂದ ಬೆಳೆಸಿದ ದ್ವಿತಳಿ ಹುಳು ಕರ್ನಾಟಕ, ಆಂಧ್ರ, ತಮಿಳುನಾಡಿನ ರೈತರ ಮನೆಗೆ ಬಂತು. ಹಿಂದೂಪುರದ ಗೂಡಿನ ಮಾರುಕಟ್ಟೆಯಲ್ಲಿ ಹಳೇ ಹಳದಿ ಗೂಡಿನ ಪಕ್ಕದಲ್ಲಿ ಹಾಲುಬಿಳುಪಿನ ಗೂಡಿನ ರಾಶಿ ನೋಡುತ್ತೀರಲ್ಲ, ಅದೇ. ಅಕ್ಕನ ಮಗಳು ಗಿಯೋನ್ ಕೇರಿಯಲ್ಲಿ ರೇಷ್ಮೆಯ ಕಿಮೋನೋ ಬಾಡಿಗೆಗೆ ಉಟ್ಟು ಕಾಲ್ ಮಾಡಿದಾಗ ಅಕ್ಕ ಮೊದಲು ಕೇಳಿದ್ದು, “ಪಟ್ಟೆ ಅಸಲಿನಾ? ಮುಟ್ಟಿ ನೋಡಿದೆಯಾ?” ಎಂದು. ಹುಳು ಸಾಕಿದ ಮನೆಯವರ ಪ್ರಶ್ನೆ ಅದು.

ಕಲೆಯ ಮಾತು ಬಂದರೆ ನಿಮ್ಮಲಕುಂಟೆ ಬಿಡುವ ಹಾಗಿಲ್ಲ. ಧರ್ಮಾವರದ ಹತ್ತಿರದ ಹಳ್ಳಿ, ತೊಗಲುಗೊಂಬೆಯವರ ಊರು. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಆಡಿನ ಚರ್ಮವನ್ನು ಹದ ಮಾಡಿ, ಅದು ಬೆಳಕು ಹಾಯುವಷ್ಟು ತೆಳುವಾದ ಮೇಲೆ ಉಳಿಯಿಂದ ಸಣ್ಣ ಸಣ್ಣ ರಂಧ್ರ ಹೊಡೆದು ಬಣ್ಣ ತುಂಬುತ್ತಾರೆ. ರಾತ್ರಿ ಪರದೆಯ ಹಿಂದೆ ದೀಪ ಇಟ್ಟಾಗ ಹನುಮಂತನ ಒಡವೆಗಳು ಒಂದೊಂದೂ ಬೆಳಗುತ್ತವೆ. ಆಡಿಸುವವರಿಗೆ ಕರೆ ಕಮ್ಮಿಯಾದ ಮೇಲೆ ದೀಪದ ಬುರುಡೆ, ಗೋಡೆಯ ಚಿತ್ರ ಮಾಡಿ ಬದುಕುತ್ತಿದ್ದಾರೆ. ಗಿಯೋನಿನ ನೃತ್ಯಕ್ಕೆ ಏಪ್ರಿಲ್ ಎಂಬ ಗೊತ್ತಾದ ತಿಂಗಳಿದೆ, ಗೊತ್ತಾದ ರಂಗಮಂದಿರವಿದೆ, ಟಿಕೆಟ್ ಕೊಂಡು ಬರುವವರಿದ್ದಾರೆ. ನಮ್ಮ ಗೊಂಬೆಗೆ ಗೊತ್ತಾದ ರಾತ್ರಿ ಒಂದಾದರೂ ಬೇಡವೇ? ಸರ್ಕಾರ ಕೆಲವು ವರ್ಷ ಲೇಪಾಕ್ಷಿ ಉತ್ಸವ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಅದನ್ನು ಪ್ರತಿ ವರ್ಷ ಯುಗಾದಿಯ ವಾರಕ್ಕೆ ಗಟ್ಟಿಯಾಗಿ ಕಟ್ಟಿ, ಸಂಜೆ ನಿಮ್ಮಲಕುಂಟೆಯವರ ಆಟ ಇಟ್ಟು, ಮಡಕಶಿರಾ ಸೀಮೆಯ ಕನ್ನಡದ ಹಳ್ಳಿಗಳವರಿಗೂ ಕರೆ ಕೊಟ್ಟರೆ ಬರುವವರಿಗೆ ದಿನ ಗೊತ್ತಿರುತ್ತದೆ, ಆಡುವವರಿಗೆ ಅನ್ನದ ದಾರಿ ಗೊತ್ತಿರುತ್ತದೆ.

ಹಾಗೆಂದು ಜನ ಮುಗಿಬೀಳುವುದೇ ಒಳ್ಳೆಯದು ಎಂದು ನಾನು ಹೇಳಲಾರೆ. ಗಿಯೋನಿನವರು ಈಗ ಬಂದವರ ಕಾಟಕ್ಕೆ ಬೇಸತ್ತಿದ್ದಾರೆ. ಕೆಲಸಕ್ಕೆ ಹೊರಟ ನರ್ತಕಿಯರನ್ನು ಅಡ್ಡಗಟ್ಟಿ, ಕಿಮೋನೋ ಹಿಡಿದೆಳೆದು ಫೋಟೋ ತೆಗೆಯುವವರು ಹೆಚ್ಚಿದರು. 2024ರಲ್ಲಿ ಅಲ್ಲಿನ ಖಾಸಗಿ ಓಣಿಗಳಿಗೆ ಪ್ರವಾಸಿಗರು ಬರಬಾರದೆಂದು ಬೋರ್ಡು ಹಾಕಿದರು, ಬಂದರೆ 10,000 ಯೆನ್ ದಂಡ. ಅದೇ ಊರು 1976ರಲ್ಲೇ ಗಿಯೋನ್ ಶಿನ್‌ಬಾಶಿ ಕೇರಿಯನ್ನು ರಕ್ಷಿತ ಪ್ರದೇಶವೆಂದು ಸಾರಿ ಹಳೇ ಮನೆಗಳನ್ನು ಉಳಿಸಿಕೊಂಡಿತ್ತು, 2007ರಲ್ಲಿ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಿ ಮಾಳಿಗೆಯ ಮೇಲಿನ ಜಾಹೀರಾತನ್ನೆಲ್ಲ ನಿಷೇಧಿಸಿತ್ತು. ಮನೆ ಉಳಿಸುವುದು, ಮರ ಉಳಿಸುವುದು, ಬಂದವರಿಗೆ ಇಷ್ಟೇ ಎಂದು ಗೆರೆ ಎಳೆಯುವುದು, ಈ ಮೂರನ್ನೂ ಮಾಡಿದವರು ಊರಿನವರೇ. ಲೇಪಾಕ್ಷಿಯ ಚಿತ್ರದ ಮೇಲೆ ಹೆಸರು ಗೀಚುವವನ ಕೈ ಹಿಡಿಯುವುದಕ್ಕೂ ರಸ್ತೆ ಅಗಲ ಮಾಡುವಾಗ ಹೊಂಗೆ ಸಾಲು ಕಡಿಯಬೇಡಿ ಎನ್ನುವುದಕ್ಕೂ ನಾವೇ ಬೇಕು, ಬೇರೆ ಊರಿನವರು ಬರುವುದಿಲ್ಲ.

“ಅದೆಲ್ಲ ಸರಿಯಮ್ಮ, ಮೊದಲು ನಾವು ಹೋಗೋದು ಯಾವತ್ತು?” ಅಂದರು ಅಕ್ಕ. ಯುಗಾದಿಯ ಮಾರನೆಯ ದಿನ ಎಂದು ಮಾತಾಗಿದೆ. ಮಗಳು ಬಂದಿಳಿದ ಮೇಲೆ ಅವಳನ್ನೂ ಕರೆದುಕೊಂಡು ಹೇಮಾವತಿಗೆ, ಆಮೇಲೆ ಕಂಬದೂರಿಗೆ.

ನೀವೂ ಬನ್ನಿ. ಬೆಂಗಳೂರಿನಿಂದ ಹಿಂದೂಪುರಕ್ಕೆ ರೈಲಿದೆ, ಹಿಂದೂಪುರದಿಂದ ಲೇಪಾಕ್ಷಿಗೆ ಬಸ್ಸು, ಆಟೋ ಎರಡೂ ಸಿಗುತ್ತವೆ. ಮಾರ್ಚ್ ಕೊನೆ, ಏಪ್ರಿಲ್ ಮೊದಲು ಒಳ್ಳೆಯ ಹೊತ್ತು. ಬೆಳಿಗ್ಗೆಯೇ ಹೊರಡಿ, ಬುತ್ತಿಗೆ ಚಿತ್ರಾನ್ನವನ್ನೋ ಮೊಸರನ್ನವನ್ನೋ ಕಟ್ಟಿಕೊಳ್ಳಿ, ನೀರು ಸಾಕಷ್ಟು ಇರಲಿ, ಕೂರಲು ಒಂದು ಚಾಪೆ ತನ್ನಿ. ಉಂಡ ಎಲೆ, ಕವರು ಯಾವುದನ್ನೂ ಮರದ ಕೆಳಗೆ ಬಿಟ್ಟು ಹೋಗಬೇಡಿ. ನಿಮ್ಮ ಊರಿನ ಹೊಂಗೆ ಯಾವ ದಿನ ಅರಳಿತೆಂದು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.